ಬೊಂಬೆಯ ಸೇನೆ

ಸ್ಮರಣಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯು ನಾಲ್ಕು ಮಾತು ಬರೆಯತಕ್ಕದ್ದೆಂಬುದು ನಮ್ಮ ಶಾಲೆಯಲ್ಲಿ ಮೊದಲಿನಿಂದ ನಡೆದುಬಂದ ಪದ್ಧತಿ. ಪರೀಕ್ಷೆಗಳ ಫಲಿತಾಂಶವನ್ನೂ ಕಟ್ಟಡದ ನಿಧಿಯನ್ನೂ ಕುರಿತು ವರದಿಯಲ್ಲಿ ಬೇರೆಯಾಗಿ ಹೇಳಿದೆ. ಈ ಪುಟಗಳಲ್ಲಿ ನಾವು ಹೇಳಬೇಕೆಂದಿರುವುದು ಚರಿತ್ರೆಯ ಕೊಠಡಿಯ ಗಾಜಿನ ಕಪಾಟಿನಲ್ಲಿ ನಿಂತಿರುವ ಎಂಬತ್ತು ಪುಟ್ಟ ಆಳುಗಳ ವಿಷಯ. ಶಾಲಾ ದಿನಾಚರಣೆಯಂದು ಆ ಕಪಾಟಿನ ಮುಂದೆ ನಿಂತ ತಾಯಿತಂದೆಗಳಲ್ಲಿ ಕೆಲವರು ಮೆಚ್ಚಿದರು, ಕೆಲವರು ನಕ್ಕರು, ಒಬ್ಬಿಬ್ಬರು ಮುಖವನ್ನು ಕಿರಿದುಮಾಡಿಕೊಂಡು ಹೋದರು. ಹೆಣ್ಣುಮಕ್ಕಳ ಶಾಲೆಯಲ್ಲಿ, ಅದರಲ್ಲಿಯೂ ಸಮಾಧಾನವನ್ನು ಬೋಧಿಸತಕ್ಕ ಮಿಶನ್ ಶಾಲೆಯಲ್ಲಿ, ಯುದ್ಧದ ಬೊಂಬೆಗಳಿಗೆ ಏನು ಕೆಲಸವೆಂದು ಬಾಯಿಬಿಟ್ಟು ಕೇಳಿದವರೂ ಉಂಟು. ಗದ್ದಲದ ನಡುವೆ ಅವರಿಗೆ ತಕ್ಕ ಉತ್ತರವನ್ನು ಕೊಡಲಾರದೆ ಹೋದೆವು. ಆ ಉತ್ತರವನ್ನು ಇಲ್ಲಿ ಬರೆಯುತ್ತೇವೆ.

ಮೊದಲು ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಹದಿನೈದು ವರುಷಗಳ ಹಿಂದೆ, ನಾವು ಇನ್ನೂ ಸಹೋಪಾಧ್ಯಾಯಿನಿಯಾಗಿ ಒಂಬತ್ತನೆಯ ತರಗತಿಗೆ ಚರಿತ್ರೆಯನ್ನು ಹೇಳುತ್ತಿದ್ದಾಗ, ಹಿಂದಿನ ಸಾಲಿನಲ್ಲಿ ಒಬ್ಬ ಬಾಲಿಕೆ ಇದ್ದಳು. ಪಾಠ ನಡೆಯುತ್ತಿದ್ದಾಗ ಅವಳ ಕೈ ಸುಮ್ಮನಿರುತ್ತಿರಲಿಲ್ಲ. ಒಂದು ದಿನ ಮೇಜಿನ ಮುಚ್ಚಳವನ್ನೆತ್ತಿ ನೋಡಿದರೆ, ಬೆಂಕಿಕಡ್ಡಿಗಳಿಗೆ ಮೇಣವನ್ನು ಮೆತ್ತಿ ಮಾಡಿದ ಇಪ್ಪತ್ತು ಮೂವತ್ತು ಆಳುಗಳು ಸಾಲುಸಾಲಾಗಿ ನಿಂತಿದ್ದುವು. ನಾವು ಇಡೀ ತರಗತಿಯ ಎದುರಿಗೆ ಅವುಗಳನ್ನು ಕಸದ ಬುಟ್ಟಿಗೆ ಹಾಕಿ, "ಇದು ಗಂಡುಹುಡುಗರ ಚಾಳಿ, ನಿನಗೆ ಒಪ್ಪುವುದಿಲ್ಲ" ಎಂದು ಗದರಿದೆವು. ಅವಳು ಅಳಲಿಲ್ಲ. ಅಂದಿನಿಂದ ವರುಷದ ಕೊನೆಯವರೆಗೆ ಚರಿತ್ರೆಯ ಪಾಠದಲ್ಲಿ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಶಿಸ್ತು ಬಂದಿತೆಂದು ನಾವು ತೃಪ್ತಿಪಟ್ಟೆವು. ಟ್ರೇನಿಂಗ್ ಕಾಲೇಜಿನಲ್ಲಿ ಮಗುವಿನ ಕೈಯೂ ಒಂದು ಜ್ಞಾನೇಂದ್ರಿಯವೆಂದು ಕಲಿತು ಪರೀಕ್ಷೆಯಲ್ಲಿ ಬರೆದಿದ್ದ ನಮಗೆ, ಆ ಪಾಠವು ಆ ಹೊತ್ತಿಗೆ ನೆನಪಿಗೆ ಬರಲಿಲ್ಲ.

ಎರಡು ವರುಷಗಳ ಹಿಂದೆ ಅದೇ ಬಾಲಿಕೆ, ಈಗ ಇಂಗ್ಲೆಂಡಿನಲ್ಲಿ ಸಂಸಾರ ಹೂಡಿಕೊಂಡು ಉದ್ಯೋಗದಲ್ಲಿರುವವಳು, ರಜೆಯಲ್ಲಿ ಊರಿಗೆ ಬಂದು ನಮ್ಮನ್ನು ಕಾಣಲು ಬಂದಳು. ಕೈಯಲ್ಲಿ ಎರಡು ರಟ್ಟಿನ ಪೆಟ್ಟಿಗೆಗಳು. ತೆರೆದರೆ, ಒಂದು ಅಂಗುಲದೆತ್ತರದ ಪ್ಲಾಸ್ಟಿಕಿನ ಸೈನಿಕರು, ಬಣ್ಣವಿಲ್ಲದೆ, ಕಡ್ಡಿಗೆ ಅಂಟಿದ ಕಾಯಿಗಳಂತೆ ತುಂಬಿದ್ದರು. "ಅಮ್ಮನವರೇ, ಇವರನ್ನು ಬುಟ್ಟಿಗೆ ಹಾಕಬೇಡಿರಿ" ಎಂದಳು. ನಗುತ್ತಲೇ ಹೇಳಿದಳು, ಆದರೂ ನಮ್ಮ ಮುಖಕ್ಕೆ ಬಿಸಿಯೇರಿತು. ಅಷ್ಟು ವರುಷ ಅವಳು ಅದನ್ನು ಮರೆತಿರಲಿಲ್ಲ. ನಾವು ಮರೆತಿದ್ದೆವು.

ಅವಳಿಂದ ನಾವು ತಿಳಿದುಕೊಂಡ ಸಂಗತಿಗಳನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಪುರಾತನ ಕಾಲದ ಸೇನೆಗಳನ್ನು ಕಿರಿದಾಗಿ ನಿರ್ಮಿಸಿ, ಮೇಜಿನ ಮೇಲೆ ನದಿ, ಗುಡ್ಡ, ಕಾಡುಗಳನ್ನು ಹೂಡಿ, ನಿಯಮದಂತೆ ದಾಳವನ್ನುರುಳಿಸಿ ಹಳೆಯ ಕಾಳಗಗಳನ್ನು ಆಡುವುದು ಆ ದೇಶದಲ್ಲಿ ಒಂದು ಗಂಭೀರವಾದ ಹವ್ಯಾಸ. ಇದರ ಬೇರು ನಮ್ಮ ದೇಶಕ್ಕೂ ದೂರವಲ್ಲ. ಆನೆ, ಕುದುರೆ, ರಥ, ಕಾಲಾಳುಗಳೆಂಬ ನಾಲ್ಕು ಅಂಗಗಳ ಸೇನೆಯನ್ನು ಹಲಗೆಯ ಮೇಲೆ ಇಳಿಸಿದ್ದೇ ನಮ್ಮ ಚದುರಂಗ. ಅದು ಸುಮಾರು 6ನೆಯ ಶತಮಾನದ ವೇಳೆಗೆ ಭಾರತದಲ್ಲಿ ಹುಟ್ಟಿ ಪಾರಸೀಕರ ಮೂಲಕ ಲೋಕಕ್ಕೆ ಹರಡಿತೆಂದು ಪಂಡಿತರು ಸಾಮಾನ್ಯವಾಗಿ ಒಪ್ಪುತ್ತಾರೆ. 1824ರಲ್ಲಿ ಪ್ರಷ್ಯಾ ದೇಶದ ರೈಸ್‌ವಿಟ್ಸ್ ಎಂಬ ತರುಣ ಅಧಿಕಾರಿಯು, ತನ್ನ ತಂದೆಯು ಆರಂಭಿಸಿದ್ದ ಕೆಲಸವನ್ನು ತಿದ್ದಿ, ಸೈನ್ಯಾಧಿಕಾರಿಗಳ ಶಿಕ್ಷಣಕ್ಕಾಗಿ ನಕ್ಷೆಯ ಮೇಲಿನ ಯುದ್ಧದಾಟದ ನಿಯಮಗಳನ್ನು ಅಚ್ಚುಹಾಕಿಸಿದನು. 1913ರಲ್ಲಿ ಕಾದಂಬರಿಕಾರ ಎಚ್. ಜಿ. ವೆಲ್ಸನು 'ಲಿಟ್ಲ್ ವಾರ್ಸ್' ಎಂಬ ಪುಸ್ತಕವನ್ನು ಬರೆದು, ಸೀಸದ ಬೊಂಬೆಗಳಿಂದ ಮನೆಯ ನೆಲದ ಮೇಲೆಯೇ ಆಡುವ ಬಗೆಯನ್ನು ತೋರಿಸಿದನು. ಅದರ ಉದ್ದನೆಯ ಶೀರ್ಷಿಕೆಯಲ್ಲಿ ಇದು ಹುಡುಗರ ಆಟವೆಂದು ಹೇಳಿ, ಅಂಥದನ್ನು ಮೆಚ್ಚುವಷ್ಟು ಜಾಣೆಯರಾದ ಹುಡುಗಿಯರಿಗೂ ಸ್ಥಳವನ್ನು ಬಿಟ್ಟುಕೊಟ್ಟಿದ್ದಾನೆ. ಆ ಶೀರ್ಷಿಕೆಯನ್ನು ಕೇಳಿ ನಮ್ಮ ಹತ್ತನೆಯ ತರಗತಿಯವರು ಬಹಳ ಹೊತ್ತು ನಕ್ಕರು. 1965ರಲ್ಲಿ ಪುರಾತನ ಕಾಲದ ಯುದ್ಧಗಳಿಗೆಂದೇ 'ಸೊಸೈಟಿ ಆಫ್ ಏನ್ಶಿಯಂಟ್ಸ್' ಎಂಬ ಸಂಘವು ಇಂಗ್ಲೆಂಡಿನಲ್ಲಿ ಸ್ಥಾಪಿತವಾಯಿತು. 1990ರಲ್ಲಿ 'ಡಿ ಬೆಲ್ಲಿಸ್ ಆಂಟಿಕ್ವಿಟಾಟಿಸ್' ಎಂಬ ಲ್ಯಾಟಿನ್ ಹೆಸರಿನ ಚಿಕ್ಕ ನಿಯಮಾವಳಿಯು ಹೊರಟಿತು. ಅದರಲ್ಲಿ ಒಂದು ಸೇನೆಗೆ ಕೇವಲ ಹನ್ನೆರಡು ಪೀಠಗಳು. ಒಂದೊಂದು ಪೀಠದ ಮೇಲೆ ಎರಡೋ ಮೂರೋ ನಾಲ್ಕೋ ಆಳುಗಳು. ಬಡ ಶಾಲೆಗೆ ಎಟುಕತಕ್ಕದ್ದು ಇದೇ ಎಂದು ನಮ್ಮ ಹಳೆಯ ವಿದ್ಯಾರ್ಥಿನಿಯು ಇದನ್ನೇ ತಂದುಕೊಟ್ಟಿದ್ದಳು.

ಯಾವ ಕಾಳಗವನ್ನು ಆರಿಸತಕ್ಕದ್ದೆಂಬ ವಿಷಯದಲ್ಲಿ ಹೆಚ್ಚು ಚರ್ಚೆ ನಡೆಯಲಿಲ್ಲ. ಕ್ರಿಸ್ತಪೂರ್ವ 326ರಲ್ಲಿ ಮೆಸಿಡೋನಿಯದ ಅಲೆಗ್ಸಾಂಡರನಿಗೂ ಪೌರವ ರಾಜನಾದ ಪೋರಸನಿಗೂ ಝೀಲಂ ನದಿಯ ದಡದಲ್ಲಿ ನಡೆದ ಯುದ್ಧವು ನಮ್ಮ ಪಾಠಪುಸ್ತಕದಲ್ಲಿ ಆರು ಸಾಲುಗಳಲ್ಲಿ ಮುಗಿದುಹೋಗಿದೆ. ಗ್ರೀಕರು ಹೈಡಾಸ್ಪಿಸ್ ಎಂದು ಕರೆದ ಈ ನದಿಯೇ ವೇದಗಳ ವಿತಸ್ತಾ. ಆರು ಸಾಲುಗಳನ್ನು ಬಾಯಿಪಾಠ ಮಾಡಿ ಒಪ್ಪಿಸುವ ಬಾಲಿಕೆಯರಿಗೆ, ಆ ಸಾಲುಗಳ ಹಿಂದೆ ಏನಿದೆಯೆಂದು ತೋರಿಸುವುದು ನಮ್ಮ ಉದ್ದೇಶವಾಗಿದ್ದಿತು.

ಯುದ್ಧವಾಗಿ ಸುಮಾರು ನಾಲ್ಕೂವರೆ ಶತಮಾನಗಳ ಮೇಲೆ ಬರೆದರೂ, ಅಲೆಗ್ಸಾಂಡರನ ಜೊತೆಯಲ್ಲಿಯೇ ಇದ್ದ ಟಾಲೆಮಿ, ಅರಿಸ್ಟೊಬುಲಸ್ ಎಂಬವರ ಬರಹಗಳನ್ನು ಆಧಾರವಾಗಿಟ್ಟುಕೊಂಡ ಅರ್ರಿಯನ್ ಎಂಬ ಗ್ರಂಥಕಾರನ ಲೆಕ್ಕದಂತೆ, ಪೋರಸನು ರಣರಂಗಕ್ಕೆ ತಂದದ್ದು 30,000 ಕಾಲಾಳು, 4,000 ಕುದುರೆ, 300 ರಥ, 200 ಆನೆ. ಅಲೆಗ್ಸಾಂಡರನು ಪಾಳೆಯದಲ್ಲಿ ಒಂದು ಭಾಗವನ್ನು ಬಿಟ್ಟು, ಸಿಡಿಲುಮಳೆಯ ಒಂದು ರಾತ್ರಿಯಲ್ಲಿ ಸುಮಾರು 17 ಮೈಲಿ ಮೇಲಕ್ಕೆ ಹೋಗಿ ನದಿಯನ್ನು ದಾಟಿದಾಗ ಅವನೊಡನೆ ಇದ್ದದ್ದು ಸುಮಾರು 6,000 ಕಾಲಾಳು, 5,000 ಕುದುರೆ. ಪೋರಸನು ಆನೆಗಳನ್ನು ನೂರು ಅಡಿಗೆ ಕಡಿಮೆಯಲ್ಲದ ಅಂತರದಲ್ಲಿ ಮುಂದಿನ ಸಾಲಿನಲ್ಲಿ ನಿಲ್ಲಿಸಿ, ಅವುಗಳ ಹಿಂದೆ ಕಾಲಾಳುಗಳನ್ನೂ ಎರಡು ಪಕ್ಕಗಳಲ್ಲಿ ಕುದುರೆ ರಥಗಳನ್ನೂ ಹೂಡಿದನು.

ಇದನ್ನು ಇಪ್ಪತ್ತನಾಲ್ಕು ಪೀಠಗಳಿಗೆ ಇಳಿಸುವ ಲೆಕ್ಕವನ್ನು ಬಾಲಿಕೆಯರೇ ಮಾಡಿದರು. ಮೆಸಿಡೋನಿಯದ ಕಡೆಗೆ ಉದ್ದಭರ್ಜಿಯ ವ್ಯೂಹದ ಐದು ಪೀಠ, ರಾಜನ ಸಂಗಡಿಗರಾದ ರಾವುತರ ಎರಡು, ಗುರಾಣಿಯವರ ಒಂದು, ಲಘು ರಾವುತರ ಒಂದು, ದಹೇ ಜನಾಂಗದ ಕುದುರೆ ಬಿಲ್ಲಾಳುಗಳ ಒಂದು, ಅಗ್ರಿಯಾನಿಯ ಈಟಿಗಾರರ ಒಂದು, ಬಿಲ್ಲಾಳುಗಳ ಒಂದು. ಪೋರಸನ ಕಡೆಗೆ ಆನೆಯ ಮೂರು, ರಥದ ಎರಡು, ಕುದುರೆಯ ಎರಡು, ಬಿಲ್ಲಾಳುಗಳ ನಾಲ್ಕು, ಈಟಿಗಾರರ ಒಂದು. ಅತ್ತ ಮೂವತ್ತೆಂಟು, ಇತ್ತ ನಲವತ್ತೆರಡು, ಕೂಡಿದರೆ ಎಂಬತ್ತು.

ಕೆಲಸವು ಬೇಸಗೆಯ ರಜೆಗೆ ಮುಂಚೆ ಆರಂಭವಾಗಿ ಕ್ರಿಸ್ಮಸ್ ರಜೆಯ ತನಕ ಶನಿವಾರಗಳಂದು ನಡೆಯಿತು. ಮೆತ್ತನೆಯ ಪ್ಲಾಸ್ಟಿಕಿನ ಮೇಲೆ ಬಣ್ಣವು ನಿಲ್ಲುವುದಿಲ್ಲ. ಬೆರಳು ಸೋಕಿದರೆ ಹೊಟ್ಟಿನಂತೆ ಏಳುತ್ತದೆ. ಅಚ್ಚಿನಿಂದ ಬಿಡಿಸಲೆಂದು ಹಚ್ಚಿದ ಜಿಡ್ಡು ಅದರ ಮೇಲೆ ಉಳಿದಿರುವುದೂ ಇದಕ್ಕೆ ಒಂದು ಕಾರಣ. ಮೊದಲು ಮಾಡಿದ ಹನ್ನೆರಡು ಆಳುಗಳು ಹೀಗೆಯೇ ಹಾಳಾದುವು. ಆ ಮೇಲೆ ಎಲ್ಲವನ್ನೂ ಸಾಬೂನಿನ ನೀರಿನಲ್ಲಿ ತೊಳೆದು, ಒಣಗಿಸಿ, ಬಿಳಿಯ ಗೋಂದನ್ನು ನೀರಿನಲ್ಲಿ ಕದಡಿ ತೆಳ್ಳಗೆ ಒಂದು ಸಾರಿ ಸವರಿ, ಅದು ಆರಿದ ಬಳಿಕ ಬಣ್ಣವನ್ನು ಹಚ್ಚಿದೆವು. ಮೊದಲು ಅಡಿಬಣ್ಣ, ಅದರ ಮೇಲೆ ಮಡಿಕೆಗಳಲ್ಲಿ ಇಳಿಯುವಂತೆ ನೀರಾದ ಕಂದುಬಣ್ಣ, ಕಡೆಗೆ ಒಣಕುಂಚದಿಂದ ಉಬ್ಬಿದ ಭಾಗಗಳ ಮೇಲೆ ತಿಳಿಬಣ್ಣ. ಹೀಗೆ ಮಾಡಿದಾಗ ಬೆರಳುಗುರಿನಷ್ಟು ಮುಖದಲ್ಲಿಯೂ ಕಣ್ಣು, ಮೂಗು, ಕೆನ್ನೆಗಳು ಎದ್ದುಬರುತ್ತವೆ. ಇದನ್ನು ಕಲಿತವರು ಹೊಲಿಗೆಯ ತರಗತಿಯಲ್ಲಿ ಮೊದಲಿಗರಾದ ಬಾಲಿಕೆಯರಲ್ಲ; ಅಲ್ಲಿ ದಿನವೂ ಬೈಸಿಕೊಳ್ಳುತ್ತಿದ್ದ ಒಬ್ಬಳು. ಅವಳ ಕೈಯಲ್ಲಿ ಇಷ್ಟು ತಾಳ್ಮೆ ಇದ್ದಿತೆಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಮೆಸಿಡೋನಿಯದ ಭರ್ಜಿಯಾದ ಸಾರಿಸ್ಸಾ ಹದಿನೈದರಿಂದ ಹದಿನೆಂಟು ಅಡಿ ಉದ್ದ. ನಮ್ಮ ಬೊಂಬೆಗಳ ಪ್ರಮಾಣವು 72ಕ್ಕೆ ಒಂದು. ಎಂದರೆ ಒಂದು ಅಂಗುಲದ ಆಳಿಗೆ ಮೂರು ಅಂಗುಲದ ಭರ್ಜಿ ಬೇಕು. ಪೆಟ್ಟಿಗೆಯಲ್ಲಿ ಬಂದವು ಬಾಗಿಹೋಗಿದ್ದುವು. ಶಾಲೆಯ ಆಯಾ ತನ್ನ ತೆಂಗಿನಕಡ್ಡಿಯ ಪೊರಕೆಯನ್ನು ತಂದು ನಮ್ಮ ಮುಂದಿಟ್ಟಳು. ಅದರ ಕಡ್ಡಿಗಳ ತುದಿಯನ್ನು ಸೀಳಿ, ಕೆರೆದು, ಇಪ್ಪತ್ತು ಭರ್ಜಿಗಳಾದುವು. ಪೋರಸನ ಆನೆಗಳಿಗೆ ಮೊದಲು ಕುಂಬಾರರ ಜೇಡಿಮಣ್ಣನ್ನು ಹಿಡಿದೆವು. ಆರುವಾಗ ಸೊಂಡಿಲುಗಳು ಬಿರಿದುಬಿದ್ದುವು. ನಮ್ಮ ಅಜ್ಜಿಯಂದಿರು ಮೊರಕ್ಕೆ ಮೆತ್ತುತ್ತಿದ್ದ ಕಾಗದ ಮೆಂತ್ಯಗಳ ಹಿಟ್ಟನ್ನು ಒಬ್ಬ ಬಾಲಿಕೆಯ ತಾಯಿಯವರು ಅರೆದು ಕಳುಹಿಸಿಕೊಟ್ಟರು. ತಂತಿಯ ಮೇಲೆ ಅದನ್ನು ಮೆತ್ತಿ ಮಾಡಿದ ಆನೆಗಳು ಇಂದಿಗೂ ಬಿರುಕಿಲ್ಲದೆ ನಿಂತಿವೆ. ರಥದ ಚಕ್ರಗಳು ಅಂಗಿಯ ಗುಂಡಿಗಳು. ನೆಲಕ್ಕೆ ಜರಡಿ ಹಿಡಿದ ಹೊಳೆಮರಳು. ಮಳೆಯ ರಾತ್ರಿಯ ಮರುದಿನದ ಕಾಳಗವಾದುದರಿಂದ, ಒಣಮಣ್ಣಿನ ಬಣ್ಣವನ್ನು ಬಿಟ್ಟು ಕೆಸರಿನ ಬಣ್ಣವನ್ನೇ ಬಳಿಯಬೇಕೆಂದು ಒಬ್ಬಳು ಹಟ ಹಿಡಿದಳು. ಅವಳ ಮಾತು ಸರಿಯಾಗಿದ್ದಿತು.

ಈ ಕೆಲಸದಲ್ಲಿ ನಿಜವಾದ ಲಾಭವು ಒಂದೇ ಒಂದು ಪ್ರಶ್ನೆಯಿಂದ ಬಂದಿತು: "ಇದು ಹೀಗೆಯೇ ಇದ್ದಿತೆಂದು ಹೇಗೆ ಗೊತ್ತು?" ಪುಸ್ತಕವನ್ನು ಓದುವಾಗ ಮಕ್ಕಳು ಈ ಪ್ರಶ್ನೆಯನ್ನು ಕೇಳುವುದಿಲ್ಲ. ಕುಂಚವನ್ನು ಬಣ್ಣದಲ್ಲಿ ಅದ್ದಿ ಎತ್ತಿದಾಗ ಕೇಳಲೇಬೇಕಾಗುತ್ತದೆ. ಮೈಸೂರಿನ ದಸರೆಯನ್ನು ಕಂಡಿದ್ದ ಬಾಲಿಕೆಯರು ಪೋರಸನ ಆನೆಯ ಮೇಲೆ ಅಂಬಾರಿಯನ್ನು ಕಟ್ಟಬೇಕೆಂದು ಚಿನ್ನದ ಬಣ್ಣದ ಕಾಗದವನ್ನು ಸಹ ಕತ್ತರಿಸಿ ತಂದಿದ್ದರು. ಅರ್ರಿಯನನು ಅಂಬಾರಿಯ ಮಾತನ್ನೇ ಎತ್ತುವುದಿಲ್ಲ. ಸಾಂಚಿಯ ಶಿಲ್ಪಗಳಲ್ಲಿ ಯೋಧರು ಆನೆಯ ಬೆನ್ನಿನ ಮೇಲೆಯೇ ಕುಳಿತಿದ್ದಾರೆ. ಅಂಬಾರಿಯನ್ನು ಬಿಟ್ಟೆವು. ಇನ್ನೊಬ್ಬಳು ರಾವುತರ ಕಾಲಿಗೆ ದಾರದಿಂದ ರಿಕಾಪುಗಳನ್ನು ಕಟ್ಟಿದ್ದಳು. ಆ ಕಾಲದಲ್ಲಿ ಗ್ರೀಕರಿಗಾಗಲಿ ಭಾರತೀಯರಿಗಾಗಲಿ ರಿಕಾಪು ತಿಳಿದಿರಲಿಲ್ಲವೆಂದು ಕೇಳಿ ಅವಳೇ ಬಿಚ್ಚಿದಳು. ರಥದಲ್ಲಿ ಎಷ್ಟು ಜನ? ಈ ಯುದ್ಧವನ್ನೇ ವರ್ಣಿಸುವ ರೋಮಿನ ಕರ್ಷಿಯಸನು ಆರು ಜನವೆನ್ನುತ್ತಾನೆ. ಚಂದ್ರಗುಪ್ತನ ಆಸ್ಥಾನವನ್ನು ಕಣ್ಣಾರೆ ಕಂಡ ಮೆಗಸ್ತನೀಸನು ಸಾರಥಿಯಲ್ಲದೆ ಇಬ್ಬರು ಯೋಧರೆಂದೂ, ಆನೆಯ ಮೇಲೆ ಮಾವುತನಲ್ಲದೆ ಮೂವರು ಬಿಲ್ಲಾಳುಗಳೆಂದೂ ಹೇಳಿದ್ದಾನೆ. ಒಬ್ಬನು ಕಂಡವನು, ಆದರೆ ಬೇರೆ ರಾಜ್ಯವನ್ನು. ಇನ್ನೊಬ್ಬನು ಇದೇ ಯುದ್ಧವನ್ನು ಬರೆದವನು, ಆದರೆ ಕಾಣದವನು. ಎರಡು ಶನಿವಾರಗಳು ಈ ವಾದದಲ್ಲಿ ಕಳೆದುವು. ಕೊನೆಗೆ ಬಹುಮತದಿಂದ ಮೆಗಸ್ತನೀಸನು ಗೆದ್ದನು. ಗುಂಡಿಯ ಚಕ್ರದ ರಥದಲ್ಲಿ ಆರು ಜನಕ್ಕೆ ಸ್ಥಳವಿಲ್ಲವೆಂಬುದೂ ಅವನಿಗೆ ಸಹಾಯವಾಯಿತು.

ಭಾರತೀಯ ಬಿಲ್ಲಾಳುಗಳ ವಿಷಯದಲ್ಲಿ ಅಲೆಗ್ಸಾಂಡರನ ನೌಕಾಧಿಪತಿಯಾದ ನಿಯಾರ್ಕಸನು ನಮಗೆ ಬಹಳ ಉಪಕಾರ ಮಾಡಿದ್ದಾನೆ. ಅವನ ಬರಹವು ಉಳಿದಿಲ್ಲವಾದರೂ ಅರ್ರಿಯನನು ಅದರ ಸಾರವನ್ನು ಎತ್ತಿಕೊಂಡಿದ್ದಾನೆ. ಬಿಲ್ಲು ಹಿಡಿದವನಷ್ಟೇ ಎತ್ತರ. ಅದನ್ನು ನೆಲಕ್ಕೂರಿ ಎಡಗಾಲಿನಿಂದ ಒತ್ತಿ ಹೆದೆಯನ್ನು ಹಿಂದಕ್ಕೆ ಬಹುದೂರ ಸೆಳೆಯುತ್ತಿದ್ದರು. ಬಾಣವು ಹತ್ತಿರಹತ್ತಿರ ಮೂರು ಮೊಳ. ಉಡುಪು ಬಿಳಿಯ ಹತ್ತಿಯದು. ಪಾದರಕ್ಷೆ ಬಿಳಿಯ ಚರ್ಮದ್ದು. ಗಡ್ಡಕ್ಕೆ ಬಣ್ಣವನ್ನು ಹಾಕಿಕೊಳ್ಳುವ ವಾಡಿಕೆಯಿದ್ದಿತು: ಕೆಲವರು ಅಚ್ಚ ಬಿಳುಪು, ಕೆಲವರು ನೀಲಿ, ಕೆಲವರು ಕೆಂಪು, ಕೆಲವರು ಹಸುರು. ಈ ಸಂಗತಿಯನ್ನು ಓದಿದ ದಿನ ತರಗತಿಯಲ್ಲಿ ಉಂಟಾದ ಸಂತೋಷವನ್ನು ಏನೆಂದು ಹೇಳೋಣ! ಶಾಲಾ ದಿನಾಚರಣೆಯಂದು ಒಬ್ಬ ಮಹನೀಯರು ಹಸುರು ಗಡ್ಡದ ಬಿಲ್ಲಾಳನ್ನು ನೋಡಿ, ಮಕ್ಕಳಿಗೆ ಬಣ್ಣದ ಪರಿಜ್ಞಾನವನ್ನು ಕಲಿಸಬಾರದೆ ಎಂದು ನಮ್ಮನ್ನು ಆಕ್ಷೇಪಿಸಿದರು. ಎಂಟನೆಯ ತರಗತಿಯ ಒಬ್ಬ ಪುಟ್ಟ ಬಾಲಿಕೆ ಕೈಕಟ್ಟಿ ನಿಂತು, ನಿಯಾರ್ಕಸನ ಹೆಸರನ್ನು ಹೇಳಿ ಅವರಿಗೆ ಉತ್ತರ ಕೊಟ್ಟಳು. ಆ ಉತ್ತರವನ್ನು ಕೇಳಿ ನಮಗಾದ ಹೆಮ್ಮೆಯನ್ನು ಇಲ್ಲಿ ಅಡಗಿಸುವುದಿಲ್ಲ.

ಸೇನೆಗಳು ಸಿದ್ಧವಾದ ಮೇಲೆ ಹಳೆಯ ಕರಿಹಲಗೆಯೊಂದನ್ನು ನಾಲ್ಕು ಅಡಿ ಚೌಕಕ್ಕೆ ಕೊಯ್ಯಿಸಿ, ಎರಡು ಬೆಂಚುಗಳ ಮೇಲೆ ಮಲಗಿಸಿ, ಹಸುರು ಬಣ್ಣವನ್ನು ಬಳಿದು ಆಟವನ್ನು ಆರಂಭಿಸಿದೆವು. ನಿಯಮವು ಸರಳ. ತನ್ನ ಸರದಿ ಬಂದಾಗ ದಳಪತಿಯು ಒಂದು ದಾಳವನ್ನು ಉರುಳಿಸಬೇಕು. ಬಿದ್ದ ಅಂಕೆಯಷ್ಟೇ ಆಜ್ಞೆಗಳನ್ನು ಕೊಡಬಹುದು. ಒಂದಕ್ಕೊಂದು ತಗುಲಿ ಸಾಲಾಗಿ ನಿಂತ ಪೀಠಗಳೆಲ್ಲವೂ ಒಂದೇ ಆಜ್ಞೆಗೆ ನಡೆಯುತ್ತವೆ. ಸಾಲು ಒಡೆದುಹೋದರೆ ಒಂದೊಂದಕ್ಕೂ ಒಂದೊಂದು ಆಜ್ಞೆ ಬೇಕು. ದಾಳದಲ್ಲಿ ಒಂದೇ ಬಿದ್ದ ದಳಪತಿಯು, ಇತ್ತ ಆನೆ ಓಡುತ್ತಿದ್ದರೂ ಅತ್ತ ಕುದುರೆ ಸಾಯುತ್ತಿದ್ದರೂ, ಒಂದನ್ನೇ ನೋಡಿಕೊಳ್ಳಬೇಕು. ಎದುರುಬದುರಾದ ಪೀಠಗಳು ತಮ್ಮ ತಮ್ಮ ಬಲಕ್ಕೆ ದಾಳದ ಅಂಕೆಯನ್ನು ಕೂಡಿಸಿ ಹೋಲಿಸುತ್ತವೆ. ಸೋತದ್ದು ಹಿಂದೆ ಸರಿಯುತ್ತದೆ, ಬಹಳ ಸೋತದ್ದು ಹಲಗೆಯನ್ನು ಬಿಟ್ಟು ಹೋಗುತ್ತದೆ. ನಾಲ್ಕು ಪೀಠಗಳನ್ನು, ಎದುರಾಳಿಗಿಂತ ಹೆಚ್ಚಾಗಿ, ಕಳೆದುಕೊಂಡವರಿಗೆ ಸೋಲು. ಚೆನ್ನಾಗಿ ಯೋಚಿಸಿದವರೂ ಸೋಲಬಹುದು. ಆದರೆ ಯೋಚಿಸದವರು ಹೆಚ್ಚಾಗಿ ಸೋಲುತ್ತಾರೆ. ಮೂರು ಸಾರಿ ಆಡಿದೆವು. ಎರಡು ಸಾರಿ ಅಲೆಗ್ಸಾಂಡರನೂ ಒಂದು ಸಾರಿ ಪೋರಸನೂ ಗೆದ್ದರು. ಪೋರಸನು ಗೆದ್ದ ದಿನ ಪಕ್ಕದ ತರಗತಿಯ ಉಪಾಧ್ಯಾಯಿನಿಯವರು ಗದ್ದಲವನ್ನು ಕೇಳಿ ಓಡಿಬಂದರು.

ನಾವು ಈ ಲೇಖನವನ್ನು ಬರೆಯಲು ಮುಖ್ಯ ಕಾರಣವಾದ ಸಂಗತಿಯು ಮೊದಲನೆಯ ಆಟದಲ್ಲಿಯೇ ನಡೆದಿದ್ದಿತು. ಪೋರಸನ ಎಡಭಾಗದ ಬಿಲ್ಲಾಳುಗಳ ಪೀಠವೊಂದು ಸತ್ತಿತು. ಅದನ್ನು ಕೈಯಲ್ಲಿ ಹಿಡಿದ ಬಾಲಿಕೆಯು, "ಇವರನ್ನು ಎಲ್ಲಿ ಇಡಲಿ, ಅಮ್ಮನವರೇ?" ಎಂದು ಕೇಳಿದಳು. ನಮ್ಮ ಗಮನವು ಹಲಗೆಯ ಮೇಲಿದ್ದಿತು. "ಸತ್ತವರಲ್ಲವೆ, ಡಬ್ಬಿಗೆ ಹಾಕಮ್ಮ" ಎಂದೆವು. ಅವಳು ಹಾಕಲಿಲ್ಲ. ಪೀಠವನ್ನು ಹಿಡಿದುಕೊಂಡೇ ನಿಂತಳು. ತಲೆಯೆತ್ತಿ ನೋಡಿದಾಗ ನಮಗೆ ನೆನಪಾಯಿತು: ಅವಳ ತಂದೆಯವರು ಸೈನ್ಯದಲ್ಲಿದ್ದು, ಗಡಿಯ ಠಾಣ್ಯದಿಂದ ಜೀವಂತರಾಗಿ ಮರಳಿ ಬಾರದವರು. ಶಾಲೆಗೆ ಸೇರಿಸಿಕೊಂಡ ದಿನ ಆ ಕಾಗದಪತ್ರಗಳಿಗೆ ರುಜು ಹಾಕಿದ್ದವರು ನಾವೇ. ಎಂಟು ತಿಂಗಳು ಅವಳ ಕೈಯಿಂದ ಆಳುಗಳ ಮುಖಗಳಿಗೆ ಬಣ್ಣ ಹಾಕಿಸಿಕೊಂಡಿದ್ದರೂ ನಾವು ಅದನ್ನು ಒಮ್ಮೆಯೂ ಯೋಚಿಸಿರಲಿಲ್ಲ.

ಅಂದಿನ ಆಟವನ್ನು ಅಲ್ಲಿಗೇ ನಿಲ್ಲಿಸಿದೆವು. ಅವಳನ್ನು ನಮ್ಮ ಕೊಠಡಿಗೆ ಕರೆದು, ಇಷ್ಟವಿಲ್ಲದಿದ್ದರೆ ಈ ಕೆಲಸವನ್ನು ಬಿಡಬಹುದೆಂದೂ, ಬೇಕಾದರೆ ಎಲ್ಲವನ್ನೂ ಕಟ್ಟಿಡುವೆವೆಂದೂ ಹೇಳಿದೆವು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಟ ಬೇಡವೆಂದಲ್ಲ ಅಮ್ಮನವರೇ. ಡಬ್ಬಿಗೆ ಹಾಕಿದರೆ ಎಷ್ಟು ಜನ ಹೋದರೆಂದು ಯಾರಿಗೂ ಕಾಣುವುದಿಲ್ಲ" ಎಂದಳು.

ಅಂದಿನಿಂದ ನಮ್ಮಲ್ಲಿ ಒಂದು ನಿಯಮವು ಹೊಸದಾಗಿ ಸೇರಿತು. ಅದು ಇಂಗ್ಲೆಂಡಿನ ಪುಸ್ತಕದಲ್ಲಿಲ್ಲ. ಹಲಗೆಯ ಪಕ್ಕದಲ್ಲಿ ಒಂದು ಬಿಳಿಯ ಬಟ್ಟೆಯನ್ನು ಹಾಸಿರುತ್ತೇವೆ. ಬಿದ್ದ ಪೀಠಗಳನ್ನು, ಯಾವ ಕಡೆಯವಾದರೂ, ಒಂದೇ ಸಾಲಿನಲ್ಲಿ ಅದರ ಮೇಲೆ ನಿಲ್ಲಿಸುತ್ತೇವೆ. ಆಟವು ಮುಗಿದ ಮೇಲೆ, ಗೆದ್ದವರು ಯಾರೆಂದು ಹೇಳುವುದಕ್ಕೆ ಮುಂಚೆ, ಬಟ್ಟೆಯ ಮೇಲಿನ ಲೆಕ್ಕವನ್ನು ಓದುತ್ತೇವೆ. ನಮ್ಮ ಪೋರಸನ ಕಡೆಯ ಹದಿನೆಂಟು ಕಾಲಾಳುಗಳು 30,000 ಜನರ ಪ್ರತಿನಿಧಿಗಳು. ಆದುದರಿಂದ ಒಂದೊಂದು ಬೊಂಬೆಯೂ 1,600ಕ್ಕೆ ಮೀರಿದ ಜನ. ನಮ್ಮ ಶಾಲೆಯ ಬಾಲಿಕೆಯರೆಲ್ಲರೂ ಅಂಗಳದಲ್ಲಿ ಸಾಲಾಗಿ ನಿಂತರೂ ಒಂದು ಬೊಂಬೆಗೆ ಸಾಲುವುದಿಲ್ಲ. ಈ ಲೆಕ್ಕವನ್ನು ಮೊದಲನೆಯ ಸಾರಿ ಕರಿಹಲಗೆಯ ಮೇಲೆ ಬರೆದಾಗ ತರಗತಿಯು ನಿಶ್ಶಬ್ದವಾಯಿತು.

ಬಳಿಕ ಗ್ರಂಥಗಳಲ್ಲಿರುವ ಲೆಕ್ಕವನ್ನು ತೆಗೆದು ನೋಡಿದೆವು. ಭಾರತೀಯರಲ್ಲಿ ಸತ್ತ ಕಾಲಾಳುಗಳು 20,000ಕ್ಕೆ ಸ್ವಲ್ಪ ಕಡಿಮೆ, ರಾವುತರು 3,000ದಷ್ಟು, ಪೋರಸನ ಇಬ್ಬರು ಮಕ್ಕಳು ಸಹ ಎಂದು ಅರ್ರಿಯನನು ಬರೆಯುತ್ತಾನೆ. ತನ್ನ ಕಡೆಯವರಾದ ಮೆಸಿಡೋನಿಯದ ಕಾಲಾಳುಗಳಲ್ಲಿ ಸತ್ತವರು ಸುಮಾರು 80 ಮಾತ್ರವೆಂದೂ, ರಾವುತರಲ್ಲಿ ಸುಮಾರು 230 ಎಂದೂ ಹೇಳುತ್ತಾನೆ. ಅವನಿಗಿಂತ ಮುಂಚಿನವನಾದ ಡಿಯೊಡೋರಸನ ಪ್ರಕಾರ ಭಾರತೀಯರಲ್ಲಿ ಸತ್ತವರು 12,000ಕ್ಕೆ ಮೇಲೆ, ಸೆರೆಸಿಕ್ಕವರು 9,000. ಮೆಸಿಡೋನಿಯದವರಲ್ಲಿ 280 ರಾವುತರು, 700ಕ್ಕೆ ಮೇಲ್ಪಟ್ಟ ಕಾಲಾಳುಗಳು. ಇಬ್ಬರೂ ಗೆದ್ದವರ ಬರಹಗಳನ್ನೇ ನಂಬಿದವರು. ಪೌರವರ ಕಡೆಯಿಂದ ಬರೆದ ಒಂದು ಸಾಲೂ ನಮಗೆ ಉಳಿದುಬಂದಿಲ್ಲ. "ಸಾವಿರಾರು ಜನ ಸತ್ತರೋ ಬದುಕಿದರೋ ಎಂಬುದೇ ಬರೆದವರಿಗೆ ಗೊತ್ತಿಲ್ಲವಲ್ಲ" ಎಂದು ಒಬ್ಬ ಬಾಲಿಕೆ ಕೇಳಿದಳು. ಅವಳಿಗೆ ನಾವು ಕೊಡಬಹುದಾದ ಉತ್ತರವಿರಲಿಲ್ಲ. ಆದರೆ ಚರಿತ್ರೆಯನ್ನು ಹೇಗೆ ಓದಬೇಕೆಂಬುದನ್ನು ಅವಳು ಅಂದು ಕಲಿತಳು.

ಆನೆಗಳ ವಿಷಯವೂ ಅವರ ಮನಸ್ಸಿನಲ್ಲಿ ಉಳಿಯಿತು. ಕುದುರೆಗಳಿಂದ ಎರಡು ಕಡೆಯೂ ಅಮುಕಿ ಬಂದು, ಮಾವುತರು ಬಾಣಕ್ಕೆ ಉರುಳಿದ ಮೇಲೆ, ಗಾಯಗೊಂಡ ಆನೆಗಳು ತಮ್ಮವರೆನ್ನದೆ ಹೆರವರೆನ್ನದೆ ತುಳಿದು, ಕಡೆಗೆ ದಣಿದು, ಮುಖವನ್ನು ಶತ್ರುವಿನ ಕಡೆಗೇ ಇಟ್ಟುಕೊಂಡು ಹಿಂಜರಿಯುವ ಹಡಗುಗಳಂತೆ ಹಿಂದೆಗೆದುವೆಂದು ಅರ್ರಿಯನನ ವರ್ಣನೆ. ಪೋರಸನು ಬಲಹೆಗಲಿಗೆ ಗಾಯವಾಗುವ ತನಕ ತನ್ನ ಆನೆಯ ಮೇಲಿದ್ದು ಕಾದಿದನು. ಸೆರೆಸಿಕ್ಕಾಗ ತನ್ನನ್ನು ಅರಸನಂತೆ ನಡೆಸಿಕೊಳ್ಳಬೇಕೆಂದು ಕೇಳಿ, ರಾಜ್ಯವನ್ನು ಮರಳಿ ಪಡೆದ ಕಥೆಯನ್ನು ಎಲ್ಲರೂ ಬಲ್ಲರು. ಆ ಕಥೆಯನ್ನು ಹಿಂದೆ ಎಷ್ಟೋ ಸಾರಿ ಆವೇಶದಿಂದ ಹೇಳಿದ್ದೆವು. ಈ ವರುಷ ಹೇಳುವಾಗ ಬಿಳಿಯ ಬಟ್ಟೆಯ ಕಡೆಗೆ ಕಣ್ಣು ಹೋಗಿ, ಧ್ವನಿಯು ತಾನಾಗಿಯೇ ತಗ್ಗಿತು. ಆ ಇಬ್ಬರು ಅರಸರು ಸ್ನೇಹಿತರಾದುದು ಸತ್ಯವೇ. ಅದಕ್ಕೆ ಬೆಲೆ ತೆತ್ತವರು ಬಟ್ಟೆಯ ಮೇಲಿದ್ದರು.

ಶಾಲಾ ದಿನಾಚರಣೆಯ ಮರುವಾರ ಒಬ್ಬ ತಂದೆಯವರು ನಮಗೆ ಕಾಗದ ಬರೆದು, ಮಕ್ಕಳಿಗೆ ಯುದ್ಧವನ್ನು ಆಟವೆಂದು ಕಲಿಸುವುದು ಅವರ ಮನಸ್ಸನ್ನು ಕಲ್ಲುಮಾಡುವುದಿಲ್ಲವೆ ಎಂದು ಕೇಳಿದರು. ಪ್ರಶ್ನೆಯು ನ್ಯಾಯವಾದದ್ದು, ಅದನ್ನು ಬರೆದ ರೀತಿಯೂ ಸೌಜನ್ಯದ್ದು. ಡಬ್ಬಿಯ ಮಾತನ್ನಾಡಿದ ನಮ್ಮ ಮನಸ್ಸೇ ಆ ದಿನ ಕಲ್ಲಾಗಿದ್ದಿತೆಂದು ಅವರಿಗೆ ಒಪ್ಪಿಕೊಳ್ಳುತ್ತೇವೆ. ಆದರೆ ಪಾಠಪುಸ್ತಕದ ಆರು ಸಾಲುಗಳನ್ನು ಒಪ್ಪಿಸುವಾಗ ಯಾರೂ ನಮ್ಮನ್ನು ಹೀಗೆ ಕೇಳಿರಲಿಲ್ಲ. ಆ ಸಾಲುಗಳಲ್ಲಿಯೂ ಅಷ್ಟೇ ಜನ ಸತ್ತಿದ್ದರು. ಒಂದು ಮುಖಕ್ಕೆ ಎರಡು ಶನಿವಾರ ಕೂತು ಬಣ್ಣ ಹಚ್ಚಿದವಳಿಗೆ ಆ ಮುಖವು ಉರುಳಿದರೆ ನೋವಾಗುತ್ತದೆ. ವೆಲ್ಸನು ಸಹ ತನ್ನ ಪುಸ್ತಕದ ಕೊನೆಯಲ್ಲಿ, ಬೊಂಬೆಯ ಯುದ್ಧವನ್ನಾಡಿ ನೋಡಿದವರಿಗೆ ನಿಜವಾದ ಯುದ್ಧದ ಮೂಢತನವು ತಿಳಿದೀತೆಂಬ ಅಭಿಪ್ರಾಯವನ್ನು ಹೇಳಿದ್ದಾನೆ. ಆದರೆ ಪುಸ್ತಕವು ಹೊರಟ ಮುಂದಿನ ವರುಷವೇ, 1914ರಲ್ಲಿ, ಮಹಾಯುದ್ಧವು ಆರಂಭವಾಯಿತು. ಬೊಂಬೆಗಳು ಯುದ್ಧವನ್ನು ತಡೆಯುತ್ತವೆಂದು ನಾವು ಹೇಳುವುದಿಲ್ಲ. ಯುದ್ಧವೆಂಬ ಮಾತನ್ನು ಓದಿದಾಗ ಅದರ ಕೆಳಗೆ ಮುಖಗಳಿವೆಯೆಂದು ನಮ್ಮ ಬಾಲಿಕೆಯರು ನೆನೆಯುವರೆಂದು ಮಾತ್ರ ಹೇಳುತ್ತೇವೆ.

ಹೆಣ್ಣುಮಕ್ಕಳಿಗೆ ಇದು ಒಪ್ಪುವುದೆ ಎಂಬ ಇನ್ನೊಂದು ಪ್ರಶ್ನೆಗೆ ಒಂದು ಹಳೆಯ ಸಂಗತಿಯೇ ಉತ್ತರ. 1826ರ ಜೂನ್ ತಿಂಗಳಲ್ಲಿ ಇಂಗ್ಲೆಂಡಿನ ಹಾವರ್ತ್ ಎಂಬ ಗ್ರಾಮದ ಪಾದ್ರಿಯಾದ ಪ್ಯಾಟ್ರಿಕ್ ಬ್ರಾಂಟಿಯವರು ತಮ್ಮ ಮಗನಿಗಾಗಿ ಹನ್ನೆರಡು ಮರದ ಸೈನಿಕರ ಪೆಟ್ಟಿಗೆಯೊಂದನ್ನು ತಂದರು. ಮನೆಯಲ್ಲಿದ್ದ ಮೂವರು ಹೆಣ್ಣುಮಕ್ಕಳೂ ಒಂದೊಂದು ಬೊಂಬೆಯನ್ನು ತಮ್ಮದೆಂದು ಹಿಡಿದುಕೊಂಡರು. ಆ ಸೈನಿಕರಿಗೆ ಹೆಸರಿಟ್ಟು, ರಾಜ್ಯಗಳನ್ನು ಕಟ್ಟಿ, ಅಂಗೈಗಿಂತ ಚಿಕ್ಕ ಪುಸ್ತಕಗಳಲ್ಲಿ ಅವರ ಕಥೆಗಳನ್ನು ಬರೆದರು. ಆ ಮೂವರಲ್ಲಿ ಹಿರಿಯಳಾದ ಶಾರ್ಲಟ್ಟಳು 1847ರಲ್ಲಿ 'ಜೇನ್ ಐರ್' ಕಾದಂಬರಿಯನ್ನು ಪ್ರಕಟಿಸಿದಳು. ಆ ಪಾದ್ರಿಯವರು ಬೊಂಬೆಗಳನ್ನು ಹೆಣ್ಣುಮಕ್ಕಳ ಕೈಯಿಂದ ಕಿತ್ತು ಬುಟ್ಟಿಗೆ ಹಾಕಲಿಲ್ಲ. ನಾವು ಹಾಕಿದ್ದೆವು. ಆ ಮೇಣದ ಆಳುಗಳು ಏನಾಗಬಹುದಾಗಿತ್ತೋ ನಾವು ಅರಿಯೆವು.

ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಅನೇಕರು ಈಗ ತಾಯಂದಿರು, ಕೆಲವರು ಉಪಾಧ್ಯಾಯಿನಿಯರು. ನಿಮ್ಮ ಮಗುವಿನ ಕೈಯಲ್ಲಿ ವಿಚಿತ್ರವಾದುದೇನನ್ನಾದರೂ ಕಂಡರೆ, ಗದರುವುದಕ್ಕೆ ಮುಂಚೆ ಅದೇನೆಂದು ಕೇಳಿರಿ. ನಮ್ಮಿಂದ ಆದ ತಪ್ಪು ನಿಮ್ಮಿಂದ ಆಗದಿರಲಿ. ಊರಿಗೆ ಬಂದಾಗ ಚರಿತ್ರೆಯ ಕೊಠಡಿಗೆ ಬನ್ನಿರಿ. ಕಪಾಟಿನ ಬೀಗದ ಕೈಯು ಹತ್ತನೆಯ ತರಗತಿಯ ಬಾಲಿಕೆಯರ ವಶದಲ್ಲಿದೆ, ಅವರೇ ತೆರೆದು ತೋರಿಸುವರು. ಬರುವ ವರುಷ ಇನ್ನೊಂದು ಕಾಳಗವನ್ನು ಕಟ್ಟಬೇಕೆಂದು ಅವರ ಆಸೆ; ಕುಂಚಗಳೂ ಬಣ್ಣವೂ ಬೇಕಾಗಿವೆ, ಕೊಡುವವರ ಉಪಕಾರವನ್ನು ಸ್ಮರಿಸುವೆವು.

ಬಿಳಿಯ ಬಟ್ಟೆಯನ್ನು ಅಂಚು ಹೊಲಿದು ಕಪಾಟಿನ ಕೆಳಗಿನ ಅರೆಯಲ್ಲಿ ಮಡಿಸಿಟ್ಟಿದೆ. ಅದನ್ನು ಹೊಲಿದವಳು ಆ ಬಾಲಿಕೆಯೇ. ಈ ವರುಷ ಅವಳು ಶಾಲೆಯನ್ನು ಮುಗಿಸಿ, ಮುಂದೆ ಚರಿತ್ರೆಯನ್ನು ಓದಬೇಕೆಂದು ಕಾಲೇಜಿಗೆ ಸೇರಿದ್ದಾಳೆ. ಅವಳಿಗೆ ಒಳ್ಳೆಯದಾಗಲಿ.